ಚಹಾ ಪೆಟ್ಟಿಗೆಯೊಳಗಿನ ಸೂರ್ಯ

ಮೊನ್ನೆ ಬಲ್ಬು ತರಲು ಹೋದಾಗ ಅಂಗಡಿಯವನು ನನ್ನ ಕೈಗೆ ಒಂದು ಹೊಸ ವಸ್ತು ಕೊಟ್ಟ. ಜಿಲೇಬಿಯ ಹಾಗೆ ಸುತ್ತಿಕೊಂಡ ಬಿಳಿ ಗಾಜಿನ ನಳಿಗೆ, ಕೆಳಗೆ ಮಾಮೂಲಿ ಬಲ್ಬಿನ ಬುಡ. ಇದು ಟ್ಯೂಬ್‌ಲೈಟೇ ಮೇಡಂ, ಸುತ್ತಿಟ್ಟಿದ್ದಾರೆ ಅಷ್ಟೇ, ಬೇರೆ ಚೋಕು ಬೇಡ, ಸ್ಟಾರ್ಟರ್ ಬೇಡ, ಹೋಲ್ಡರಿಗೆ ಸಿಕ್ಕಿಸಿದರೆ ಆಯಿತು ಎಂದ. ನನಗೆ ಅಲ್ಲೇ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ಅಂಗಡಿಯವನು ರೇಟು ಕೇಳಿ ಹೆದರಿದರೇನೋ ಎಂದುಕೊಂಡಿರಬೇಕು, ಹಳೆಯ ಬಲ್ಬೂ ಇದೆ ಎಂದು ಸಮಾಧಾನ ಹೇಳಿದ.

ನನಗೆ ನೆನಪಾದವರು ನಮ್ಮ ಸೈನ್ಸ್ ಸಾರ್. ಅವರು ಇದ್ದಿದ್ದರೆ ಈ ಬಲ್ಬನ್ನು ಕಂಡು ಅಂಗಡಿಯವನ ಕೊರಳಪಟ್ಟಿ ಹಿಡಿದು, ಇಷ್ಟು ವರ್ಷ ಇದನ್ನು ಎಲ್ಲಿ ಮುಚ್ಚಿಟ್ಟಿದ್ದಿರಿ ಎಂದು ಜಗಳ ತೆಗೆಯುತ್ತಿದ್ದರು. ನಾಲ್ಕು ಮಂದಿ ಕೂಡುತ್ತಿದ್ದರು. ಕೊನೆಗೆ ಅಂಗಡಿಯವನೇ ಚಹಾ ತರಿಸುತ್ತಿದ್ದ. ಅವರ ಜಗಳಗಳೆಲ್ಲ ಹಾಗೆಯೇ ಮುಗಿಯುತ್ತಿದ್ದವು.

ನಾನು ಆದವಾನಿಯಲ್ಲಿ ಕನ್ನಡ ಕಲಿಸುತ್ತಿದ್ದೆ, ಅವರು ಅದೇ ಶಾಲೆಯಲ್ಲಿ ವಿಜ್ಞಾನ. ಊರು ಆಂಧ್ರದ್ದು, ನಮ್ಮ ಸೆಕ್ಷನ್ನು ಕನ್ನಡದ್ದು. ಹಾಗಾಗಿ ನಮ್ಮ ಪುಸ್ತಕಗಳು ಬರುವ ಹೊತ್ತಿಗೆ ಅರ್ಧ ವರ್ಷವೇ ಕಳೆದಿರುತ್ತಿತ್ತು. ಸಾರ್ ತೆಲುಗು ಪುಸ್ತಕ ಕೈಯಲ್ಲಿ ಹಿಡಿದು ಬಾಯಲ್ಲಿ ಕನ್ನಡ ಓದುತ್ತಿದ್ದರು. ಪುಸ್ತಕದ ದೊಡ್ಡ ದೊಡ್ಡ ಪದಗಳಿಗೆ ಅವರಲ್ಲಿ ಮರ್ಯಾದೆಯೇ ಇರಲಿಲ್ಲ. ಸಸ್ಯಗಳು ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಪಾಠಕ್ಕೆ ಅವರು ಇಟ್ಟ ಹೆಸರು 'ಎಲಿ ಅಡಿಗಿ'. ಬೆಳಕು ಒಲೆ, ಎಲೆ ಪಾತ್ರೆ, ಬೇರು ನೀರು ಹೊರುವ ಆಳು. ಪರೀಕ್ಷೆಯಲ್ಲಿ ಮಕ್ಕಳು ಅದನ್ನೇ ಬರೆದು ಬಂದರೆ ಇನ್ಸ್‌ಪೆಕ್ಟರ್ ಎದುರೇ ಸಾರ್ ಮಕ್ಕಳ ಪರ ವಾದಿಸುತ್ತಿದ್ದರು.

ಅವರ ಎತ್ತರ ಇಷ್ಟು, ಬಣ್ಣ ಇಂಥದು ಎಂದು ಹೇಳಿ ಪ್ರಯೋಜನವಿಲ್ಲ. ಮಾಧ್ವರ ಅಂಗಾರ ಅಕ್ಷತೆ ಇಟ್ಟ ಹಣೆ, ಬಲಗಿವಿಯ ಮೇಲೆ ಸೀಮೆಸುಣ್ಣದ ತುಂಡು, ಅಂಗಿಯ ಜೇಬಿನಲ್ಲಿ ಒಂದು ಟೆಸ್ಟರ್. ಜೋಳಿಗೆಯಲ್ಲಿ ಸದಾ ಏನಾದರೊಂದು ಕಳಚಿದ ಯಂತ್ರ. ಬಾಯಲ್ಲಿ ಒಂದೇ ಮಾತು, "ಆಗ್ತದ. ಯಾಕಾಗಂಗಿಲ್ಲ." ಪ್ರಯತ್ನ ಮಾಡಿ ನೋಡೋಣ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ನೋಡುವುದೇನಿದೆ, ಆಗುತ್ತದೆ ಎಂದ ಮೇಲೆ ಆಗುತ್ತದೆ.

ಆಗುತ್ತಿರಲಿಲ್ಲ, ಅದು ಬೇರೆ ಮಾತು. ಹಳೆಯ ಛತ್ರಿಗೆ ಬೇಗಡೆ ಅಂಟಿಸಿ ಬಿಸಿಲಿನಲ್ಲಿ ಅನ್ನ ಮಾಡುತ್ತೇನೆಂದು ಇಡೀ ಸ್ಟಾಫ್ ರೂಮನ್ನು ಊಟಕ್ಕೆ ಕರೆದರು. ಆದವಾನಿಯ ಬಿಸಿಲಿಗೆ ನಮ್ಮ ತಲೆ ಕುದಿಯಿತು, ಎಸರು ಕುದಿಯಲಿಲ್ಲ. ಎಲ್ಲರೂ ಬಸ್‌ಸ್ಟ್ಯಾಂಡಿನ ಬಳಿ ಹೋಗಿ ಉಗ್ಗಾಣಿ ಬಜ್ಜಿ ತಿಂದು ಬಂದೆವು. ನನ್ನ ರೇಡಿಯೋ ರಿಪೇರಿ ಮಾಡಿಕೊಟ್ಟರು. ಅಲ್ಲಿಯವರೆಗೆ ಅದರಲ್ಲಿ ಧಾರವಾಡವೂ ಬರುತ್ತಿತ್ತು, ಕಡಪವೂ ಬರುತ್ತಿತ್ತು. ರಿಪೇರಿಯ ನಂತರ ಕಡಪ ಒಂದೇ ಉಳಿಯಿತು. ನಾನು ಬೈದರೆ, ಒಂದಾದರೂ ಸ್ವಚ್ಛವಾಗಿ ಬರುತ್ತದೋ ಇಲ್ಲವೋ ಹೇಳಿರಿ ಟೀಚರ್ ಎಂದು ನನಗೇ ತಿರುಗಿ ಕೇಳಿದರು. ಸ್ವಚ್ಛವಾಗಿ ಬರುತ್ತಿತ್ತು, ಅದನ್ನು ಅಲ್ಲಗಳೆಯಲಾರೆ.

ಈ ಮನುಷ್ಯನ ಒಂದು ಕೆಲಸ ಮಾತ್ರ ಆಯಿತು. ಆದದ್ದು ಹೇಗೆ ಎಂಬುದನ್ನು ಹೇಳಲೇಬೇಕು, ಏಕೆಂದರೆ ಮನೆಯವರನ್ನು ಬಿಟ್ಟರೆ ಅದನ್ನು ಮೊದಲಿಂದ ಕೊನೆಯವರೆಗೆ ಕಂಡವಳು ನಾನೊಬ್ಬಳೇ.

ನಾವು ಒಂದೇ ವಠಾರದಲ್ಲಿದ್ದೆವು. ಮುಂದಿನ ಮನೆ ನನ್ನದು, ಹಿಂದಿನದು ಅವರದು. ಅವರ ಮನೆಯಲ್ಲಿ ಅವರು, ಹೆಂಡತಿ ಮತ್ತು ತಾಯಿ. ತಾಯಿಯನ್ನು ವಠಾರವೆಲ್ಲ ಅಮ್ಮಾರು ಎನ್ನುತ್ತಿತ್ತು. ಹಿಂದೆ ಒಂದು ಪುಟ್ಟ ಅಂಗಳ, ಅದರಲ್ಲಿ ಅಮ್ಮಾರ ತುಳಸಿಕಟ್ಟೆ. ಬೆಳಗ್ಗೆ ತಣ್ಣೀರು ಸ್ನಾನ ಮಾಡಿ, ಮಡಿಯುಟ್ಟು, ಕಟ್ಟೆ ಸುತ್ತಿ, ತಮ್ಮ ಕೈಯಿಂದಲೇ ಎರಡು ದಳ ಕಿತ್ತು ದೇವರಿಗೆ ಏರಿಸಬೇಕು. ನೈವೇದ್ಯದ ಮೇಲೆ ತುಳಸಿ ಬಿದ್ದ ಮೇಲೆಯೇ ಆಕೆಗೆ ಊಟ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ನಡೆಸಿಕೊಂಡು ಬಂದ ನೇಮ. ನಾವು ಲಿಂಗಾಯತರು, ನಮ್ಮ ಪೂಜೆಗೆ ಬಿಲ್ವಪತ್ರೆ. ಅದನ್ನು ಯಾರು ತಂದರೂ ನಡೆಯುತ್ತದೆ, ಮಾರುವವಳ ಬುಟ್ಟಿಯಿಂದಲೂ ನಡೆಯುತ್ತದೆ. ಅಮ್ಮಾರ ಹತ್ತಿರ ಅದೆಲ್ಲ ನಡೆಯುತ್ತಿರಲಿಲ್ಲ.

ವಠಾರದ ಪಕ್ಕದಲ್ಲಿ ನನ್ನ ಸೋದರಮಾವನ ಹತ್ತಿ ಗೋಡೌನು. ಆ ವರ್ಷ ಹತ್ತಿಗೆ ಒಳ್ಳೆಯ ದರ ಬಂದು, ಮಾವ ಗೋಡೌನಿನ ಗೋಡೆಯನ್ನು ಇನ್ನೊಂದು ಆಳೆತ್ತರ ಏರಿಸಿ ತಗಡು ಹೊದಿಸಿದ. ಅಂಗಳಕ್ಕೆ ಬಿಸಿಲು ಬೀಳುವುದು ನಿಂತಿತು. ನಾನು ಹೋಗಿ ಮಾವನನ್ನು ಕೇಳಿದೆ. ಆತ ಒಳ್ಳೆಯವನೇ, ಆದರೆ ವ್ಯಾಪಾರಿ. ನನ್ನ ಜಾಗದಲ್ಲಿ ನಾನು ಕಟ್ಟಿದ್ದೇನೆ, ಒಂದು ಗಿಡಕ್ಕಾಗಿ ಹತ್ತಿಯನ್ನು ಮಳೆಯಲ್ಲಿ ಹಾಕಲೇ ಎಂದ.

ತುಳಸಿ ಎಲೆ ಉದುರಿಸಿ ಕಡ್ಡಿಯಾಯಿತು. ಹೊಸ ಸಸಿ ನೆಟ್ಟರೆ ಅದೂ ಸೊರಗಿತು. ಸಾರ್ ಮಾಳಿಗೆಯ ಮೇಲೆ ಕುಂಡ ಇಟ್ಟರು. ಬೆಟ್ಟದಿಂದ ಇಳಿದು ಬರುವ ಕೋತಿಗಳು ಒಂದೇ ಬೆಳಗಿನಲ್ಲಿ ಅದನ್ನು ಕಿತ್ತು, ಕುಂಡವನ್ನು ನನ್ನ ಬಾಗಿಲ ಮುಂದೆ ಕೆಡವಿದವು. ಅದಲ್ಲದೆ ಮಂಡಿನೋವಿನ ಅಮ್ಮಾರು ಆ ಏಣಿಯಂಥ ಮೆಟ್ಟಿಲು ಹತ್ತುವುದು ಆಗದ ಮಾತು. ಪೆದ್ದಹರಿವಾಣದಿಂದ ದಿನಾ ಹಾಲು ತರುವವನು ಬುಟ್ಟಿ ತುಂಬ ತುಳಸಿ ತಂದುಕೊಡುತ್ತೇನೆ ಎಂದ. ಯಾರು ಕಿತ್ತದ್ದು, ಯಾವಾಗ ಕಿತ್ತದ್ದು ಎಂದು ಕೇಳಿ ಅಮ್ಮಾರು ಬೇಡವೆಂದು ತಲೆಯಾಡಿಸಿದರು.

ಆಕೆಯ ಬಳಿ ಒಂದು ಹಿತ್ತಾಳೆ ಡಬ್ಬಿ ಇತ್ತು. ಗಿಡ ಚೆನ್ನಾಗಿದ್ದಾಗ ತಾವೇ ಕಿತ್ತು ಒಣಗಿಸಿಟ್ಟ ದಳಗಳು ಅದರಲ್ಲಿದ್ದವು. ತುಳಸಿ ಒಣಗಿದ್ದರೂ ದೇವರಿಗೆ ಸಲ್ಲುತ್ತದೆ. ಡಬ್ಬಿಯಲ್ಲಿ ಇರುವವರೆಗೆ ಉಣ್ಣುತ್ತೇನೆ, ಮುಗಿದ ದಿನದಿಂದ ಅನ್ನ ಮುಟ್ಟುವುದಿಲ್ಲ, ಹಾಲು ಹಣ್ಣಿನ ಮೇಲೆ ಇರುತ್ತೇನೆ ಎಂದು ಆಕೆ ಯಾವ ಸಿಟ್ಟೂ ಇಲ್ಲದೆ ಹೇಳಿದರು. ಡಾಕ್ಟರು ಮೊದಲೇ ಹೇಳಿದ್ದರು, ರಕ್ತ ಕಡಿಮೆ ಇದೆ, ಹೊತ್ತಿಗೆ ಸರಿಯಾಗಿ ಉಣ್ಣಿಸಿ, ಉಪವಾಸ ಕಡಿಮೆ ಮಾಡಿಸಿ ಎಂದು. ಸಾರ್ ಅಂದಿನಿಂದ ದಿನಾ ಡಬ್ಬಿ ತೆಗೆದು ಒಳಗೆ ಇಣುಕಿ ನೋಡುತ್ತಿದ್ದರು. ಇಂಥ ಹಟಮಾರಿ ಮುದುಕಿಯನ್ನು ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಅವರು ಕಿವಿಯ ಮೇಲಿನ ಸೀಮೆಸುಣ್ಣ ತೆಗೆದು ನನ್ನ ಬಾಗಿಲ ಕಲ್ಲಿನ ಮೇಲೇ ಒಂದು ಪೆಟ್ಟಿಗೆಯ ಚಿತ್ರ ಬರೆದರು. "ಟೀಚರ್, ಎಲಿಗೆ ಬೇಕಾದ್ದು ಬೆಳಕು. ಅದು ಎಲ್ಲಿಂದ ಬಂತು ಅಂತ ಎಲಿ ಕೇಳಂಗಿಲ್ಲ."

ಛತ್ರಿಯ ಅನ್ನ ನೆನಪಿದೆ ಎಂದೆ ನಾನು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಚಹಾಪುಡಿ ಬರುವ ದೊಡ್ಡ ಮರದ ಪೆಟ್ಟಿಗೆಯೊಂದನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದರು. ಅದರ ಒಳಮೈಗೆಲ್ಲ ಬೇಗಡೆ ಅಂಟಿಸಿರುತ್ತದೆ, ಪುಡಿಗೆ ತೇವ ತಾಗದಿರಲಿ ಎಂದು. ಆ ಬೇಗಡೆಯೇ ತನಗೆ ಬೇಕಾದ ಕನ್ನಡಿ, ಬೆಳಕು ಒಂದಿಷ್ಟೂ ಹೊರಗೆ ಹೋಗದೆ ಮತ್ತೆ ಮತ್ತೆ ಗಿಡದ ಮೇಲೆಯೇ ಬೀಳುತ್ತದೆ ಎಂದರು. ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ತೆರೆದ ಬಾಯಿಗೆ ಹಳೆಯ ಪಂಚೆಯ ಪರದೆ ಕಟ್ಟಿದರು. ಎರಡು ಗಿಡ್ಡ ಟ್ಯೂಬ್‌ಲೈಟುಗಳನ್ನು ಮೇಲಿನಿಂದ ಸೆಣಬಿನ ಹುರಿಯಲ್ಲಿ ತೂಗುಹಾಕಿದರು. ಚೋಕು ಬಿಸಿಯಾಗುತ್ತದೆ ಎಂದು ಅದನ್ನು ಪೆಟ್ಟಿಗೆಯ ಹೊರಗೆ ಮೊಳೆ ಹೊಡೆದು ಕೂಡಿಸಿದರು. ಗಾಳಿಯಾಡಲು ಹಿಂದೆ ತೂತು ಕೊರೆದರು. ಪೆಟ್ಟಿಗೆ ಒಳಗಿನ ಕತ್ತಲೆ ಕೋಣೆಯಲ್ಲಿ, ದೇವರ ಮಾಡದ ಎದುರಿಗೆ ಕೂತಿತು. ಸ್ವಿಚ್ಚು ಹಾಕಿದಾಗ ಟ್ಯೂಬು ನಾಲ್ಕು ಸಲ ಕಣ್ಣು ಹೊಡೆದು ಹತ್ತಿಕೊಂಡಿತು. ಚೋಕು ಗುಂಯ್ ಎನ್ನತೊಡಗಿತು. ಒಳಗೆ ಜೇನುಹುಳ ಹೊಕ್ಕಿದೆ, ಮೊದಲು ಅದನ್ನು ಓಡಿಸಿ ಎಂದರು ಅಮ್ಮಾರು.

ಬಿತ್ತಿದ ತುಳಸಿ ಬೀಜ ಮೊಳೆಯಿತು. ಸಾರ್ ತರಗತಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಹಾಲಿನವನ ಎದುರಿಗೆ, ಎಲ್ಲ ಕಡೆ ಹೇಳಿಕೊಂಡು ತಿರುಗಿದರು. ಅಷ್ಟರಲ್ಲಿ ಸಸಿಗಳು ನೂಲಿನಂತೆ ಸಣ್ಣಗೆ ಬೆಳ್ಳಗೆ ಉದ್ದವಾಗಿ ಬೆಳೆದು, ಒಂದರ ಮೇಲೊಂದು ಒರಗಿ ಬಿದ್ದವು. ಸಾರ್ ಅವನ್ನು ಒಂದೊಂದಾಗಿ ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ನನ್ನ ಮನೆಗೆ ಬಂದು, ತಪ್ಪು ಸಸಿಯದಲ್ಲ ನನ್ನದು, ದೀಪ ಮೇಲಿದೆ ಎಂದು ಅದನ್ನು ಮುಟ್ಟಲು ಪಾಪ ಕತ್ತು ಚಾಚಿವೆ ಎಂದರು. ಹುರಿ ಸಡಿಲಿಸಿ ಟ್ಯೂಬನ್ನು ಮಣ್ಣಿನಿಂದ ಒಂದು ಗೇಣಿಗಿಂತಲೂ ಕಡಿಮೆ ಎತ್ತರಕ್ಕೆ ಇಳಿಸಿದರು. ಗಿಡ ಬೆಳೆದಂತೆ ಹುರಿ ಎಳೆದು ಮೇಲೆ ಏರಿಸುವುದು ಎಂದು ಗೊತ್ತುಮಾಡಿ, ಮತ್ತೆ ಬೀಜ ಹಾಕಿದರು. ಈ ಸಲ ಸಸಿಗಳು ಗಿಡ್ಡಗೆ, ದಪ್ಪಗೆ, ಹಸಿರಾಗಿ ಎದ್ದವು. ಹತ್ತಿರ ಮೂಗಿಟ್ಟರೆ ತುಳಸಿಯ ವಾಸನೆಯೂ ಬಂತು.

ಇತ್ತ ಡಬ್ಬಿಯ ತಳ ಕಾಣತೊಡಗಿತ್ತು. ಸಾರ್ ಅವಸರಕ್ಕೆ ಬಿದ್ದು ರಾತ್ರಿಯೂ ದೀಪ ಆರಿಸುವುದನ್ನು ಬಿಟ್ಟರು. ಹಗಲೂ ರಾತ್ರಿ ಬೆಳಕು ಉಂಡರೆ ಎರಡರಷ್ಟು ಬೆಳೆಯುತ್ತದೆ ಎಂಬುದು ಅವರ ಲೆಕ್ಕ. ಅಲ್ಲಿಯವರೆಗೆ ಈ ಪೆಟ್ಟಿಗೆ ತನಗೆ ಸಂಬಂಧಪಟ್ಟದ್ದಲ್ಲ ಎಂಬಂತಿದ್ದ ಅಮ್ಮಾರು ಅಂದು ಬಂದು ಅದರ ಮುಂದೆ ನಿಂತರು.

"ಆಕಿ ಮಲಗೋದು ಯಾವಾಗೋ?" ಎಂದು ಕೇಳಿದರು.

ಗಿಡಕ್ಕೆ ನಿದ್ದೆ ಏನು ಎಂದು ಮಗ ನಕ್ಕರು. ಅಮ್ಮಾರು ನಗಲಿಲ್ಲ. ಸೂರ್ಯ ಮುಳುಗಿದ ಮೇಲೆ ತುಳಸಿಯನ್ನು ಮುಟ್ಟುವುದಿಲ್ಲ, ಕೀಳುವುದಿಲ್ಲ, ಆಗ ಆಕೆ ಮಲಗಿರುತ್ತಾಳೆ. ಇಲ್ಲಿ ಹಗಲು ಯಾವುದು, ಇರುಳು ಯಾವುದು, ನೀನೇ ಹೇಳು ಎಂದರು. ಸಾರ್ ಎಂದಿನ ಧೈರ್ಯದಲ್ಲಿ, ಈ ದೀಪವೇ ಆಕೆಗೆ ಸೂರ್ಯ, ಹತ್ತಿದರೆ ಹಗಲು, ಆರಿದರೆ ಇರುಳು ಎಂದುಬಿಟ್ಟರು. ಅಮ್ಮಾರು, ಹಾಗಾದರೆ ಸ್ವಿಚ್ಚು ನನ್ನ ಕೈಲಿರಲಿ ಎಂದರು.

ಮರುದಿನದಿಂದ ಆಕೆಯ ದಿನಚರಿಗೆ ಒಂದು ಕೆಲಸ ಸೇರಿತು. ಸ್ನಾನ ಮಾಡಿ ಬಂದು, ಸೂರ್ಯನ ಶ್ಲೋಕ ಹೇಳಿ, ಸ್ವಿಚ್ಚು ಹಾಕುವುದು. ಸಂಜೆ ದೇವರ ಮುಂದೆ ದೀಪ ಹಚ್ಚಿ, ತುಳಸಿಗೆ ಕೈಮುಗಿದು, ಸ್ವಿಚ್ಚು ತೆಗೆಯುವುದು. ನಡುವೆ ಕರೆಂಟು ಹೋದರೆ ಗಿಡಕ್ಕೆ ಮೋಡ ಮುಚ್ಚಿದೆ ಎನ್ನುತ್ತಿದ್ದರು. ನಮ್ಮೂರಿನಲ್ಲಿ ಮಳೆಯ ಮೋಡ ಅಪರೂಪ, ಈ ಮೋಡ ದಿನಾ ಇತ್ತು. ಆದರೂ ಗಿಡ ಬೆಳೆಯಿತು. ಮೊದಲಿಗಿಂತ ಚೆನ್ನಾಗಿಯೇ ಬೆಳೆಯಿತು, ನಿದ್ದೆ ಸಿಕ್ಕಿದ್ದಕ್ಕೆ ಎಂದು ಅಮ್ಮಾರು ಸೊಸೆಯ ಹತ್ತಿರ ಹೇಳಿದರಂತೆ.

ದಶಮಿಯ ದಿನ ಡಬ್ಬಿ ಬರಿದಾಯಿತು. ಮರುದಿನ ಏಕಾದಶಿ, ಅಮ್ಮಾರಿಗೆ ನೀರೂ ಇಲ್ಲದ ಉಪವಾಸ. ಏಕಾದಶಿ ಬೆಳಗ್ಗೆ ಪೆಟ್ಟಿಗೆಯ ತುಳಸಿಯಿಂದ ಮೊದಲ ದಳ ಕೀಳುವುದು, ಅದನ್ನು ಅಂದಿನ ಪೂಜೆಗೂ ಮರುದಿನ ಉಪವಾಸ ಬಿಡುವ ಪಾರಣೆಗೂ ಇಟ್ಟುಕೊಳ್ಳುವುದು ಎಂದು ಆಕೆಯೇ ನಿಶ್ಚಯಿಸಿದ್ದರು. ದ್ವಾದಶಿಯ ದಿನ ತುಳಸಿ ಕೀಳುವಂತಿಲ್ಲ. ಏಕಾದಶಿ ಸೂರ್ಯ ಮುಳುಗುವುದರೊಳಗೆ ಕೀಳದಿದ್ದರೆ ದ್ವಾದಶಿಗೆ ತುಳಸಿಯಿಲ್ಲ. ತುಳಸಿಯಿಲ್ಲದೆ ನೈವೇದ್ಯವಿಲ್ಲ, ನೈವೇದ್ಯವಿಲ್ಲದೆ ಪಾರಣೆಯಿಲ್ಲ. ಅಂದರೆ ಆ ಜೀವ ಇನ್ನೊಂದು ಇಡೀ ದಿನ ಹಾಲು ಹಣ್ಣೂ ಇಲ್ಲದೆ ಹಾಗೆಯೇ ಇರಬೇಕು.

ಏಕಾದಶಿಯ ಬೆಳಗ್ಗೆ ಆಕೆ ಸ್ನಾನ ಮಾಡಿ ಬಂದು ಸ್ವಿಚ್ಚು ಹಾಕಿದರು. ಹತ್ತಲಿಲ್ಲ. ಓಣಿಗೇ ಕರೆಂಟಿರಲಿಲ್ಲ, ಮೂಲೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಅಮ್ಮಾರು ಕೈ ಹಿಂದೆಗೆದು ಮಣೆಯ ಮೇಲೆ ಕೂತರು. ಮಗ ಹೊರಗೆ ಕೈ ತೋರಿಸಿ, ಹೊತ್ತು ಏರಿದೆ, ಕೀಳಮ್ಮ ಎಂದರು.

"ಆಕಿಗಿನ್ನೂ ಬೆಳಗಾಗಿಲ್ಲಪ್ಪಾ," ಎಂದರು ಅಮ್ಮಾರು. "ದೀಪನೇ ಆಕಿಗೆ ಸೂರ್ಯ ಅಂತ ನೀನೇ ಹೇಳಿದ್ದಿ. ಇವತ್ತು ಬ್ಯಾರೆ ಹೇಳಬ್ಯಾಡ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ವಾದ ಮಾಡುತ್ತಿದ್ದರು. ಸಾರ್ ಮಾಡಲಿಲ್ಲ. ತನ್ನ ಮಾತನ್ನು ತಾಯಿ ತನಗಿಂತ ಹೆಚ್ಚು ನಂಬಿದ್ದಾಳೆ ಎಂಬುದು ಅವರಿಗೆ ಆಗ ತಿಳಿದಿರಬೇಕು. ಸೈಕಲ್ಲು ಹತ್ತಿ ಕರೆಂಟ್ ಆಫೀಸಿಗೆ ಹೋದರು. ಮಧ್ಯಾಹ್ನಕ್ಕೆ ಬರುತ್ತದೆ ಎಂದರಂತೆ. ಮಧ್ಯಾಹ್ನ ಮತ್ತೆ ಹೋದರು. ಬೇರೆ ಟ್ರಾನ್ಸ್‌ಫಾರ್ಮರ್ ಕರ್ನೂಲಿನಿಂದ ಬರಬೇಕು ಎಂದರಂತೆ. ಅಮ್ಮಾರು ಕೂತಲ್ಲೇ ಗೋಡೆಗೆ ಒರಗಿದ್ದರು. ತುಟಿ ಒಣಗಿ ಬಿರಿದಿತ್ತು. ಸೊಸೆ ಬೀಸಣಿಗೆ ಹಿಡಿದು ಗಾಳಿ ಹಾಕುತ್ತ, ಇವರ ಸೈನ್ಸಿಗೆ ಬೆಂಕಿ ಬೀಳಲಿ ಎಂದು ಮೆಲ್ಲಗೆ ಅಳುತ್ತಿದ್ದಳು.

ಸಂಜೆ ಸಮೀಪಿಸಿತು. ಸಾರ್ ಪೆಟ್ಟಿಗೆಯ ಪರದೆ ಸರಿಸಿ ಅದರ ಮುಂದೆ ನೆಲದ ಮೇಲೆ ಕೂತಿದ್ದರು. ಕಿವಿಯ ಮೇಲೆ ಸೀಮೆಸುಣ್ಣವಿರಲಿಲ್ಲ. ಆಗ್ತದ ಎನ್ನುವ ಮನುಷ್ಯ ಹಾಗೆ ಕೂತದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಸಂಕಟವಾದಾಗ ನನಗೆ ಬಾಯಿ ಜೋರಾಗುತ್ತದೆ, ಅದು ನನ್ನ ಹುಟ್ಟುಗುಣ.

"ಸಾರ್, ನಿಮ್ಮ ಸೂರ್ಯ ಕೆಟ್ಟು ಕುಂತಾನ. ಊರ ಸೂರ್ಯ ಇನ್ನಾ ಅದಾನಲ್ರಿ," ಎಂದೆ. "ಆಕಿ ಅವನನ್ನ ಒಂದ್ಸಲಾನೂ ನೋಡಿಲ್ಲ. ಒಯ್ದು ತೋರಿಸ್ರಿ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ತಾಯಿಯನ್ನು ನೋಡಿದರು. ಅಮ್ಮಾರು ಒರಗಿದಲ್ಲಿಂದಲೇ, ಬಿಸಿಲು ಆಕೆಯ ಮೈಮೇಲೆ ಬಿದ್ದರೆ ಆಗ ಆಕೆಗೆ ಬೆಳಗಾದಂತೆಯೇ ಎಂದರು. ಸಾರ್ ಆಗಲೇ ಬಾವಿಯ ಕಡೆಗೆ ಓಡುತ್ತಿದ್ದರು, ತಲೆಯ ಮೇಲೆ ನೀರು ಸುರಿದುಕೊಂಡು ಮಡಿಯಾಗಲು.

ನಮ್ಮ ಸಂದಿಯಲ್ಲಿ ಆ ಹೊತ್ತಿಗೆ ಎದುರು ಮನೆಗಳ ನೆರಳು. ಬಿಸಿಲು ಉಳಿದಿದ್ದದ್ದು ಸಂದಿಯ ತುದಿಯಲ್ಲಿ, ಬಜಾರಿಗೆ ಮುಖ ಮಾಡಿದ ನನ್ನ ಮಾವನ ಗೋಡೌನಿನ ಕಟ್ಟೆಯ ಮೇಲೆ. ನಾನು ಮುಂದೆ ಓಡಿ ಹೋಗಿ ದಾರಿ ಬಿಡಿಸಿದೆ. ಹಿಂದೆ ಒದ್ದೆ ಪಂಚೆಯಲ್ಲಿ, ಕುಂಡವನ್ನು ಎದೆಗೆ ಅವುಚಿಕೊಂಡು ಸಾರ್. ಅವರ ಹಿಂದೆ ಒಂದು ಕೈ ಗೋಡೆಗೆ, ಒಂದು ಕೈ ಸೊಸೆಯ ಹೆಗಲಿಗೆ ಕೊಟ್ಟು ಅಮ್ಮಾರು. ಹತ್ತಿ ಅಂಡಿಗೆ ಹೊರುತ್ತಿದ್ದ ಹಮಾಲರು ಹೊರೆ ಇಳಿಸಿ ಬದಿಗೆ ಸರಿದು ನಿಂತರು. ಕಟ್ಟೆಯ ಮೇಲೆ ಗಾದಿ ಹಾಕಿ ಕೂತಿದ್ದ ಮಾವ ನನ್ನ ಮುಖ ನೋಡಿದ. ನಾನು ಏನೂ ವಿವರಿಸಲಿಲ್ಲ. ಆತ ಎದ್ದು ಗಾದಿ ಸುತ್ತಿ, ಕುಡಿಯಲು ಇಟ್ಟಿದ್ದ ಕೊಡದ ನೀರನ್ನು ತಾನೇ ಕಟ್ಟೆಯ ಮೇಲೆ ಸುರಿದು ತೊಳೆದು, ಕೆಳಗಿಳಿದು ನಿಂತ. ವಿಭೂತಿ ಹಚ್ಚಿದ ಹಣೆಯ ಆ ದೊಡ್ಡ ಮನುಷ್ಯ ತನ್ನ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ನಿಂತದ್ದನ್ನು ನಾನು ಮತ್ತೆ ನೋಡಲಿಲ್ಲ.

ಕುಂಡವನ್ನು ಇಟ್ಟರು. ಬೆಳಕೆಂದರೆ ಟ್ಯೂಬ್‌ಲೈಟು ಎಂದೇ ಬೆಳೆದ ಆ ಗಿಡದ ಮೇಲೆ ಮೊದಲ ಸಲ ಬಿಸಿಲು ಬಿತ್ತು. ಗಾಳಿಯೂ ಅದಕ್ಕೆ ಹೊಸದು, ಎಲೆಗಳೆಲ್ಲ ನಡುಗಿದವು. ಅಮ್ಮಾರು ತಕ್ಷಣ ಕೈ ಹಾಕಲಿಲ್ಲ. ಎದ್ದ ಕೂಡಲೆ ಮಕ್ಕಳನ್ನು ಮಾತಾಡಿಸಬಾರದು ಎನ್ನುವ ತಾಯಿಯಂತೆ ಗಿಡಕ್ಕೆ ಸ್ವಲ್ಪ ಹೊತ್ತು ಬಿಟ್ಟರು. ಎಲ್ಲರೂ ಪಡುವಣದ ಕಡೆ ನೋಡುತ್ತಿದ್ದೆವು. ಆಮೇಲೆ ಶ್ಲೋಕ ಹೇಳಿ, ಮೂರು ಸುತ್ತು ಬಂದು, ಅಪ್ಪಣೆ ಕೇಳಿ, ಉಗುರು ತಾಗಿಸದೆ ದಳಗಳನ್ನು ಬಿಡಿಸಿ ಬೆಳ್ಳಿ ಬಟ್ಟಲಿಗೆ ಹಾಕಿಕೊಂಡರು. ಸಾರ್ ಆ ಬಟ್ಟಲನ್ನು ನೋಡುತ್ತ ಬಜಾರಿನಲ್ಲಿ ಎಲ್ಲರೆದುರು ಅತ್ತರು.

ಮಾವ ಕೊಡವನ್ನು ಕೆಳಗಿಟ್ಟು, ಅಮ್ಮಾರೆ, ದಿನಾ ಇಲ್ಲೇ ತಂದಿಡಿಸಿರಿ, ಈ ಕಟ್ಟೆ ನಿಮ್ಮದೇ ಅಂತ ತಿಳೀರಿ ಎಂದ. ಅದು ಉಪಚಾರದ ಮಾತಲ್ಲ, ಮನಸ್ಸಿನಿಂದಲೇ ಹೇಳಿದ. ಸೊಸೆಯ ಮುಖ ಅರಳಿತು. ಅಮ್ಮಾರು ಆತನಿಗೆ ಕೈಮುಗಿದರು.

"ಬ್ಯಾಡ್ರಿ ಸಾವ್ಕಾರ್ರೆ. ಆಕಿಗೆ ಮನ್ಯಾಗ ಸೂರ್ಯ ಇದ್ದಾನ," ಎಂದರು. "ನನ್ನ ಮಗ ಮಾಡ್ಯಾನ."

ದ್ವಾದಶಿಯ ಬೆಳಗ್ಗೆ ಅಮ್ಮಾರು ಉಂಡರು. ತೊವ್ವೆ ಅನ್ನ, ಅಗಸೆ ಸೊಪ್ಪಿನ ಪಲ್ಯ. ಸಾರ್ ಹಿಂದಿನ ಬಾಗಿಲಿನಿಂದ ನನ್ನ ಮನೆಗೆ ಬಂದು, ಅಮ್ಮ ಎರಡು ಸಲ ಅನ್ನ ಹಾಕಿಸಿಕೊಂಡರು ಎಂದು ಹೇಳಿ ಹೋದರು. ಕಿವಿಯ ಮೇಲೆ ಸೀಮೆಸುಣ್ಣ ಮರಳಿ ಬಂದಿತ್ತು. ಆ ವಾರವೇ ನನ್ನ ರೇಡಿಯೋದಲ್ಲಿ ಧಾರವಾಡವನ್ನು ವಾಪಸು ತರುತ್ತೇನೆಂದು ಬಂದರು, ನಾನು ಕೊಡಲಿಲ್ಲ. ಕಡಪವನ್ನೂ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಅಮ್ಮಾರು ಅದರ ನಂತರ ಹಲವು ವರ್ಷ ಆ ಪೆಟ್ಟಿಗೆಯ ತುಳಸಿಯಿಂದಲೇ ನೇಮ ನಡೆಸಿದರು, ಉಂಡರು, ಒಂದು ದಿನ ನಿದ್ದೆಯಲ್ಲೇ ಹೋದರು. ಸ್ವಿಚ್ಚು ಸೊಸೆಯ ಕೈಗೆ ಬಂತು. ಪತ್ತಿಕೊಂಡದಿಂದ, ಹೊಳಗುಂದದಿಂದ ಬಂದ ನೆಂಟರು ಮೊದಲು ಪೆಟ್ಟಿಗೆ ನೋಡಿ ಆಮೇಲೆ ಕಾಲು ತೊಳೆಯುತ್ತಿದ್ದರು. ಸಾರ್ ಅವರನ್ನು ಕೂಡಿಸಿಕೊಂಡು ಎಲೆಯ ಅಡುಗೆ ವಿವರಿಸುತ್ತಿದ್ದರು, ಮನೆಯ ಅಡುಗೆ ಆರಿಹೋಗುತ್ತಿತ್ತು.

ನಿವೃತ್ತಿಗೆ ಇನ್ನೂ ಸಮಯವಿದ್ದಾಗ, ಒಂದು ಬೇಸಿಗೆಯಲ್ಲಿ, ಪಾಠ ಮಾಡುತ್ತಲೇ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಬೋರ್ಡಿನ ಮೇಲೆ ಅರ್ಧ ಬರೆದ ಎಲೆಯ ಚಿತ್ರವಿತ್ತು. ಅದನ್ನು ಯಾರೂ ಒರೆಸಲಿಲ್ಲ, ರಜೆ ಮುಗಿದು ಬಂದಾಗಲೂ ಹಾಗೆಯೇ ಇತ್ತು.

ಜನರೆಲ್ಲ ಬಂದು ಹೋಗಿ ಮನೆ ತಣ್ಣಗಾದ ಮೇಲೆ ನಾನು ಹಿಂದಿನ ಮನೆಗೆ ಹೋದೆ. ಅವರ ಹೆಂಡತಿ ಒಳಕೋಣೆಯಲ್ಲಿ ಪೆಟ್ಟಿಗೆಯ ಎದುರು ಕೂತಿದ್ದಳು. ಪರದೆ ಸರಿದಿತ್ತು, ಒಳಗೆ ಕತ್ತಲೆ. ತುಳಸಿ ತಲೆ ಬಾಗಿಸಿತ್ತು. ಕರೆಂಟು ಇತ್ತು, ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ಯಾಕೆ ದೀಪ ಹಾಕಿಲ್ಲ ಎಂದು ಕೇಳಿದೆ.

"ಸೂತಕ ಅದ ಟೀಚರ್, ತುಳಸಿ ಮುಟ್ಟಂಗಿಲ್ಲ," ಎಂದಳು. "ಸ್ವಿಚ್ ಮುಟ್ಟಬಹುದೋ ಇಲ್ಲೋ ಗೊತ್ತಿಲ್ಲ. ಇಂಥಾದ್ದೆಲ್ಲ ಇವರನ್ನೇ ಕೇಳ್ತಿದ್ದೆ."

ನಾನು ಅವರ ಕುಲದವಳಲ್ಲ, ಅವರ ಸೂತಕ ನನಗಿಲ್ಲ. ಎದ್ದು ಹೋಗಿ ಸ್ವಿಚ್ಚು ಹಾಕಿದೆ. ಟ್ಯೂಬು ಕಣ್ಣು ಹೊಡೆದು ಹತ್ತಿಕೊಂಡಿತು, ಚೋಕು ಗುಂಯ್ ಎಂದಿತು. ಒಂದು ತಂಬಿಗೆ ನೀರು ಹಾಕಿದೆ. ಸಂಜೆ ಬಂದು ಆರಿಸಿದೆ.

ಸೂತಕ ಮುಗಿಯುವವರೆಗೂ ಅದು ನನ್ನ ಕೆಲಸವಾಯಿತು. ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ನನ್ನ ಲಿಂಗಪೂಜೆ ಮುಗಿಸಿ, ಹಿಂದಿನ ಮನೆಗೆ ಹೋಗಿ ಅವರ ತುಳಸಿಗೆ ಬೆಳಗು ಮಾಡಿ ಬರುತ್ತಿದ್ದೆ. ಶ್ಲೋಕ ನನಗೆ ಬರುತ್ತಿರಲಿಲ್ಲ, ಏಳವ್ವಾ ಎನ್ನುತ್ತಿದ್ದೆ. ಗಿಡ ಮೆಲ್ಲಗೆ ತಲೆ ಎತ್ತಿತು. ಕೊನೆಯ ದಿನ ಸಂಜೆ ಸ್ವಿಚ್ಚು ತೆಗೆದು, ನಾಳೆಯಿಂದ ನೀವೇ ಹಾಕಬೇಕು ಎಂದೆ. ಅವಳು ಪೆಟ್ಟಿಗೆಯನ್ನು ನೋಡಿದಳು, ಗೋಡೆಗೆ ತೂಗುಹಾಕಿದ್ದ ಅವರ ಜೋಳಿಗೆಯನ್ನು ನೋಡಿದಳು. ನನ್ನ ಕೈಲಿ ಆಗುತ್ತದೆಯೇ ಟೀಚರ್ ಎಂದು ಕೇಳಿದಳು.

ಆಗತೈತಿ ಎಂದು ನಮ್ಮ ಮನೆಯ ಮಾತಿನಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಅವರ ಮಾತು.

"ಆಗ್ತದ. ಯಾಕಾಗಂಗಿಲ್ಲ."

ಮರುದಿನ ಬೆಳಗ್ಗೆ ನಾನು ಸ್ನಾನ ಮುಗಿಸಿ ಹೊರಡುವಷ್ಟರಲ್ಲಿ ಹಿಂದಿನ ಮನೆಯಿಂದ ಚೋಕಿನ ಸದ್ದು ಕೇಳಿಸಿತು. ನಾನು ಹೋಗಲಿಲ್ಲ. ಬಾಗಿಲ ಕಲ್ಲಿನ ಮೇಲೆ ಕೂತು ಅದನ್ನೇ ಕೇಳುತ್ತಿದ್ದೆ.